ಮನೆಯಲ್ಲಿ ನಾನು ಅಗಸ್ತ್ಯನಾದದ್ದು

ಇದನ್ನು ಬರೆಯುವ ಹೊತ್ತಿಗೆ ನನ್ನ ಮೇಲ್ತುಟಿ ನನ್ನದಲ್ಲ. ತಟ್ಟೆ ಇಡ್ಲಿಯ ಹಾಗೆ ಊದಿಕೊಂಡು, ಮೂಗಿನ ಕೆಳಗೆ ಯಾರೋ ಇಟ್ಟು ಮರೆತು ಹೋದ ಸಾಮಾನಿನಂತೆ ಕೂತಿದೆ. ಅದರ ಮೇಲೆ ಅಮ್ಮ ಹಚ್ಚಿದ ಸುಣ್ಣ ಒಣಗಿ ಬಿರುಕು ಬಿಟ್ಟಿದೆ. ಕನ್ನಡಿ ನೋಡಿದರೆ, ಯಕ್ಷಗಾನದ ರಾಕ್ಷಸ ವೇಷಕ್ಕೆ ಚಿಟ್ಟಿ ಇಡಲು ಕೂತವನು ಮೂಗಿನ ಕೆಳಗೆ ನಾಲ್ಕು ಇಟ್ಟು ಚಹಾ ಕುಡಿಯಲು ಎದ್ದು ಹೋದಂತಿದೆ.

ಕಡಜ ಕುಟುಕಿದ್ದು ಬೆಳಗ್ಗೆ ಏಳು ಗಂಟೆಗೆ. ನೋವು ಹತ್ತರ ಹೊತ್ತಿಗೆ ತಗ್ಗಿತು. ತಗ್ಗದೆ ಉಳಿದಿರುವ ಉರಿ ಬೇರೆಯದು. ನಾನು ಬಾಯಿ ಹಿಡಿದುಕೊಂಡು ಕೂಗುತ್ತಾ ಒಳಗೆ ಓಡಿ ಬಂದಾಗ ಮನೆಯವರು ಮೊದಲು ಧಾವಿಸಿದ್ದು ಫ್ರಿಜ್ಜಿನ ಕಡೆಗೆ. ಐಸ್ ತರುತ್ತಾರೆ ಎಂದುಕೊಂಡೆ. ಮಗಳು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದ ಪಟ್ಟಿಯ ಮುಂದೆ ನಿಂತು, ನನ್ನ ಹೆಸರಿನ ಎದುರು ಎರಡು ವಾರದಿಂದ ಇದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸುತ್ತಿದ್ದಳು.

ಆ ಪಟ್ಟಿಯ ಕಥೆ ಹೇಳದೆ ನನ್ನ ತುಟಿಯ ಕಥೆ ಅರ್ಥವಾಗುವುದಿಲ್ಲ.

ಏಪ್ರಿಲ್ ಎಂದರೆ ಮಕ್ಕಳಿಗೆ ರಜೆ, ಶಿವಮೊಗ್ಗಕ್ಕೆ ಸೆಕೆ, ಅಮ್ಮನಿಗೆ ಸಂಡಿಗೆ. ಬಿಸಿಲಿಗೆ ಹೊರಗೆ ಬಿಡಲಾಗದ ಮಕ್ಕಳನ್ನು ಟೀವಿಯ ಮುಂದೆ ಕೂರಿಸುವುದು ನಿಮ್ಮ ಮನೆಯಲ್ಲೂ ನಡೆಯುವುದೇ. ಹಾಗೆ ಕೂರಿಸಿದ ಒಂದು ಮಧ್ಯಾಹ್ನ ಅವರು ಹಾಕಿಕೊಂಡದ್ದು ಡಿಸ್ನಿಯವರ 'ಎನ್‌ಕಾಂಟೊ'. 2021ರ ಆನಿಮೇಷನ್ ಚಿತ್ರ, ಮರುವರ್ಷ ಆಸ್ಕರ್ ಕೂಡ ಪಡೆದದ್ದು. ಜಗತ್ತು ಅದನ್ನು ನೋಡಿ, ಅದರ ಬಗ್ಗೆ ಕಚ್ಚಾಡಿ, ಮರೆತ ಮೇಲೆ ನಮ್ಮ ಮನೆಗೆ ಬಂತು. ನಮ್ಮ ಮನೆಗೆ ಎಲ್ಲವೂ ಬರುವುದು ಹಾಗೆಯೇ.

ಕೊಲಂಬಿಯಾ ದೇಶದ ಬೆಟ್ಟಗಳ ನಡುವೆ ಮದ್ರಿಗಾಲ್ ಎಂಬ ಕುಟುಂಬ. ಅಜ್ಜಿ ಆಲ್ಮಾ ಹರೆಯದಲ್ಲಿ ಮೂರು ಹಸುಗೂಸುಗಳೊಂದಿಗೆ ಊರು ಬಿಟ್ಟು ಓಡುವಾಗ ಗಂಡನನ್ನು ಕಳೆದುಕೊಂಡವಳು. ಆ ಗಳಿಗೆಯಲ್ಲಿ ಕೈಯಲ್ಲಿದ್ದ ಮೇಣದ ಬತ್ತಿಗೆ ಪವಾಡದ ಶಕ್ತಿ ಬಂದು, ಜೀವವಿರುವ ಮನೆಯೊಂದು ತಾನಾಗಿ ಎದ್ದು ನಿಲ್ಲುತ್ತದೆ. ಅಲ್ಲಿಂದಾಚೆ ಆ ಮನೆಯ ಮಗುವಿಗೆ ಐದು ತುಂಬಿದಾಗ ಹೊಳೆಯುವ ಬಾಗಿಲೊಂದು ಮೂಡುತ್ತದೆ, ಅದರ ಹಿಡಿ ಮುಟ್ಟಿದರೆ ಒಂದು ವರ. ಹುಲಿಯೆಟಾಳ ಕೈಯಡುಗೆ ತಿಂದರೆ ಗಾಯ ಮಾಯುತ್ತದೆ. ಪೇಪಾಳ ಮನಸ್ಸು ಕೆಟ್ಟರೆ ಗುಡುಗು ಮಳೆ. ಲೂಯಿಸಾ ಕತ್ತೆಗಳನ್ನು ಹೆಗಲಿಗೇರಿಸಿಕೊಂಡು ನಡೆಯುತ್ತಾಳೆ, ಇಸಬೆಲಾ ಕೈ ಬೀಸಿದಲ್ಲಿ ಹೂವು, ಡೊಲೊರೆಸ್‌ಗೆ ಊರಾಚೆಯ ಪಿಸುಮಾತೂ ಕೇಳುತ್ತದೆ. ಕಮಿಲೋ ಬೇಕಾದವರ ರೂಪ ತಾಳುತ್ತಾನೆ, ಪುಟ್ಟ ಅಂಟೋನಿಯೋ ಪ್ರಾಣಿಗಳೊಡನೆ ಮಾತಾಡುತ್ತಾನೆ. ಭವಿಷ್ಯ ಕಾಣುವ ಬ್ರೂನೋ ಮಾತ್ರ ಹತ್ತು ವರ್ಷದಿಂದ ನಾಪತ್ತೆ, ಅವನ ಹೆಸರೆತ್ತುವಂತಿಲ್ಲ. ಇಷ್ಟು ಜನರ ನಡುವೆ ಏನೂ ಸಿಗದೆ ಉಳಿದವಳು ಕನ್ನಡಕದ ಹುಡುಗಿ ಮಿರಾಬೆಲ್. ಅವಳದೇ ಕಥೆ.

ಅಮ್ಮನಿಗೆ ಇಂಗ್ಲಿಷ್ ಬಾರದು. ಎಂಟನೇ ತರಗತಿ ಮುಗಿಸಿದ ಮಗಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಕನ್ನಡಕ್ಕೆ ತರುತ್ತಾ ಹೋದಳು. ಅವಳು ತಂದದ್ದು ಒಂದು, ಅಮ್ಮನ ಕಿವಿಗೆ ಬಿದ್ದದ್ದು ಇನ್ನೊಂದು. ಆಲ್ಮಾ ಆಲಮ್ಮನಾದಳು. ಪೇಪಾ ಪೇಪಮ್ಮ, ಹುಲಿಯೆಟಾ ಹುಲಿಯಮ್ಮ. ಪಿಸುಮಾತಿನ ಡೊಲೊರೆಸ್ ದೊರೆಸಾನಿ. ಬ್ರೂನೋ ಬೂರಣ್ಣ. ಇನ್ನು ಹುಲಿಯಮ್ಮನ ಗಂಡ ಆಗುಸ್ತೀನ್, ಈ ಮನೆಗೆ ಮದುವೆಯಾಗಿ ಬಂದವನು, ಯಾವ ವರವೂ ಇಲ್ಲದವನು, ಬಿದ್ದು ಎದ್ದು, ಜೇನುಹುಳುಗಳಿಂದ ಕುಟುಕಿಸಿಕೊಂಡು ಮುಖ ಊದಿಸಿಕೊಂಡು ಓಡಾಡುವವನು, ಅಮ್ಮನ ಬಾಯಲ್ಲಿ ನೇರವಾಗಿ ಅಗಸ್ತ್ಯನಾದ. ಸಮುದ್ರ ಕುಡಿದ ಋಷಿಗೆ ಇಂಥ ದಿನ ಬರುತ್ತದೆಂದು ಯಾವ ಪುರಾಣದವರೂ ಎಣಿಸಿರಲಾರರು.

ಗಲಾಟೆ ಶುರುವಾದದ್ದು ಮಗನಿಂದ. ಅವನಿಗೆ ಈಗ ಏಳು. ಐದಕ್ಕೇ ಬರಬೇಕಾಗಿದ್ದ ಬಾಗಿಲು ತನಗೆ ಬರಲಿಲ್ಲ ಎಂಬುದು ಚಿತ್ರ ಮುಗಿದು ಅರ್ಧ ಗಂಟೆಯಾದ ಮೇಲೆ ಅವನ ತಲೆಗೆ ಹೋಯಿತು.

"ನನ್ನ ಐದನೇ ಹುಟ್ಟುಹಬ್ಬದ ದಿನ ನಾವು ಎಲ್ಲಿದ್ದೆವು?"

"ಧರ್ಮಸ್ಥಳದಲ್ಲಿ," ಎಂದಳು ಹೆಂಡತಿ.

"ಹಾಗಾದರೆ ಬಾಗಿಲು ಇಲ್ಲಿ ಬಂದು ವಾಪಸ್ ಹೋಗಿದೆ!"

ಮನೆ ಬೀಗ ಹಾಕಿದೆ ಎಂದು ಕೊರಿಯರಿನವನು ತಿರುಗಿ ಹೋದ ಹಾಗೆ. ಅವನು ಸುಮ್ಮನಾಗಲಿಲ್ಲ. ಬಾಗಿಲು ಇನ್ನೂ ಎಲ್ಲೋ ಅಡಗಿರಬಹುದೆಂದು ಮನೆಯ ಒಂದೊಂದೇ ಹಿಡಿಯನ್ನು ಮುಟ್ಟುತ್ತಾ ಹೊರಟ. ದೇವರ ಮನೆ, ಕಬ್ಬಿಣದ ಬೀರು, ಮೀಟರ್ ಪೆಟ್ಟಿಗೆ. ಬಚ್ಚಲುಮನೆಯ ಚಿಲಕ ಸಡಿಲವಾಗಿ ಆರು ತಿಂಗಳಾಯಿತು. ಒಳಗೆ ನಾನು ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ಚೊಂಬು ಹುಡುಕುತ್ತಿದ್ದೆ. ಬಾಗಿಲು ಪೂರ್ತಿ ತೆರೆದುಕೊಂಡಿತು. ತಣ್ಣನೆ ಗಾಳಿ ಬಂತು. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, "ಇದೂ ಹೊಳೆಯುತ್ತಿಲ್ಲ," ಎಂದು ಅಕ್ಕನಿಗೆ ಕೂಗಿ ಹೇಳಿ, ಬಾಗಿಲು ಹಾಕದೆ ಮುಂದಕ್ಕೆ ಹೋದ.

ಅವನ ಅಳು ನಿಲ್ಲಿಸಲು ಮಗಳು ಕಂಡುಕೊಂಡ ಉಪಾಯವೇ ಪಟ್ಟಿ. ಬಾಗಿಲು ಬಾರದಿದ್ದರೆ ಏನಂತೆ, ಯಾರಿಗೆ ಯಾವ ಶಕ್ತಿ ಎಂದು ನಾವೇ ಹಂಚಿಕೊಳ್ಳೋಣ. ಡ್ರಾಯಿಂಗ್ ಪುಸ್ತಕದ ಹಾಳೆ ಹರಿದು, ಗೆರೆ ಹೊಡೆದು, ಜೋಗ ಜಲಪಾತದ ಚಿತ್ರವಿರುವ ಅಯಸ್ಕಾಂತದಿಂದ ಫ್ರಿಜ್ಜಿಗೆ ಸಿಕ್ಕಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಚರ್ಚೆ, ಎದ್ದರೆ ಇದೇ.

ಮಗ ಅಂಟೋನಿಯೋ ಆದ. ಒಂದೇ ಷರತ್ತು: ಹಿತ್ತಲಿನ ಪಪ್ಪಾಯಿ ಹಣ್ಣಾಗುವ ಹಿಂದಿನ ದಿನವೇ ಬಂದು ಕೀಳುವ ಮಂಗಗಳ ಜೊತೆ ಅವನು ಮಾತುಕತೆ ನಡೆಸಬೇಕು. ಅವನು ನಡೆಸಿದ. ಮಂಗಗಳು ಕೇಳಿಸಿಕೊಂಡವು. ಪಪ್ಪಾಯಿಯನ್ನೂ ಕಿತ್ತುಕೊಂಡವು.

ಭಾನುವಾರ ಬಂದ ಭಾಮೈದ ಬೂಟು ಬಿಚ್ಚುವ ಮೊದಲೇ ಕಮಿಲೋನ ಜಾಗ ಕೇಳಿದ. ಅವನ ಕಚೇರಿಯಲ್ಲಿ ಹೆಬ್ಬೆರಳೊತ್ತಿ ಹಾಜರಿ ಹಾಕುವ ಯಂತ್ರವಿದೆ. "ರೂಪ ಬದಲಾದರೆ ಬೆರಳಿನ ಗೆರೆಯೂ ಬದಲಾಗುತ್ತದೆಯೇ ಭಾವ? ಅದೊಂದು ತಿಳಿದರೆ ಸಾಕು," ಎಂದು ಗಂಭೀರವಾಗಿ ಕೇಳಿದ. ಆ ಪ್ರಶ್ನೆಗೆ ಪೂರ್ತಿ ಒಂದು ಊಟ, ಎರಡು ಸುತ್ತು ಮಜ್ಜಿಗೆ ಖರ್ಚಾದವು. ಸ್ವರ ಬದಲಾಗುತ್ತದೆ, ಬಟ್ಟೆ ಬದಲಾಗುತ್ತದೆ, ಎತ್ತರ ಬದಲಾಗುತ್ತದೆ, ಹಾಗಿದ್ದಮೇಲೆ ಗೆರೆ ಯಾಕೆ ಬದಲಾಗಬಾರದು ಎಂದು ಮಗಳು. ಅವನು ತೋರಿಕೆಗೆ ಬದಲಾಗುತ್ತಾನೆಯೇ ಹೊರತು ಆ ಮನುಷ್ಯನೇ ಆಗುವುದಿಲ್ಲ ಎಂದು ಹೆಂಡತಿ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಸಾಧಿಸಿ ತೋರಿಸದೆ ಉಪ್ಪಿನಕಾಯಿಯನ್ನೂ ಬಡಿಸುವುದಿಲ್ಲ.

ಅವಳ ಹೆಸರಿನ ಎದುರು ಲೂಯಿಸಾ ಎಂದು ಬರೆದಾಗ ಅವಳು ಒಂದು ಮಾತೂ ಆಡಲಿಲ್ಲ. ನಾನೇ ಬಾಯಿ ತೆರೆದೆ. "ನೋಡು, ನಿನಗೆ ಎಷ್ಟು ದೊಡ್ಡ ಶಕ್ತಿ!" ಅವಳು ತಟ್ಟೆ ಎತ್ತುತ್ತಾ, "ಆ ಹುಡುಗಿಯ ಕಣ್ಣು ಅದುರುತ್ತಿತ್ತು. ಅದನ್ನು ನೀವು ನೋಡಿದಿರೋ ಇಲ್ಲವೋ?" ಎಂದು ಕೇಳಿದಳು. ನಾನು ನೋಡಿರಲಿಲ್ಲ. ಆ ದಿನ ಬೆಳಗ್ಗೆ ಗೇಟಿನ ಬಳಿ ಇಳಿಸಿ ಹೋಗಿದ್ದ ಗ್ಯಾಸ್ ಸಿಲಿಂಡರನ್ನು ಅಡುಗೆಮನೆಯವರೆಗೆ ಉರುಳಿಸಿಕೊಂಡು ಬಂದವರು ಯಾರು ಎಂಬುದೂ ಆಗಲೇ ನೆನಪಿಗೆ ಬಂತು. ಒಳಗಿನ ಅನಿಲವೇ 14.2 ಕಿಲೋ, ಉಕ್ಕಿನ ತೂಕ ಬೇರೆ. ಕತ್ತೆಗಳ ಬಗ್ಗೆ ನಾನು ಮುಂದೆ ಮಾತಾಡಲಿಲ್ಲ.

ಅಮ್ಮನಿಗೆ ಮೊದಲು ಇಸಬೆಲಾ ಬೇಕಿತ್ತು, ತನಗಾಗಿ ಅಲ್ಲ, ಸೊಸೆಯಾಗಿ. ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಕನಕಾಂಬರದ ಬೆಲೆ ಕೇಳಿ ಬಂದವರಿಗೆ ಇದು ಅರ್ಥವಾಗುತ್ತದೆ. ಇನ್ನೊಮ್ಮೆ ಪೇಪಮ್ಮನ ಕಡೆ ವಾಲಿದಳು. "ಆಗುಂಬೆಯಲ್ಲಿ ಇಂಥವಳೊಬ್ಬಳು ಇದ್ದಿರಬೇಕು. ಪಾಪ, ಯಾವ ಗಂಡನೋ ಏನೋ." ಕೊನೆಗೆ ಅಮ್ಮ ಗಟ್ಟಿಯಾಗಿ ಹಿಡಿದುಕೊಂಡದ್ದು ಹುಲಿಯಮ್ಮನನ್ನು. ಅಡುಗೆಯಿಂದ ಕಾಯಿಲೆ ವಾಸಿ ಮಾಡುವ ವಿದ್ಯೆ ತನಗೆ ಮೊದಲಿನಿಂದಲೂ ಇದೆ, ಕೊಲಂಬಿಯಾದವರಿಗೆ ಈಗ ತಿಳಿದಿದೆ ಎಂಬುದು ಅವಳ ನಿಲುವು. ಶುಂಠಿ ಕಷಾಯ, ಮೆಂತ್ಯದ ಗಂಜಿ, ದೊಡ್ಡಪತ್ರೆ ತಂಬುಳಿ, ಸಾಕ್ಷಿಗಳು ಒಂದರ ಹಿಂದೆ ಒಂದು ಬಂದವು.

"ಆದರೆ ಅಜ್ಜಿ, ಅವಳ ರೊಟ್ಟಿ ತಿಂದ ತಕ್ಷಣ ವಾಸಿಯಾಗುತ್ತದೆ. ನಿಮ್ಮ ಕಷಾಯ ಕುಡಿದರೆ ಮೂರು ದಿನ ಬೇಕು."

"ಮೂರು ದಿನ ಕಷಾಯ ಕುಡಿಯಲಿ ಎಂದೇ ದೇವರು ಶೀತ ಕೊಡುವುದು."

ಆ ರೊಟ್ಟಿಯ ಹೆಸರು ಅರೆಪಾ. ಮೆಕ್ಕೆಜೋಳದ ಹಿಟ್ಟಿನದು, ದಪ್ಪ, ಗುಂಡಗೆ, ನಡುವೆ ಗಿಣ್ಣು. ಹುಲಿಯಮ್ಮ ಮುರಿದ ಕೈಗೂ ಅದನ್ನೇ ಕೊಡುತ್ತಾಳೆ, ಜೇನು ಕುಟುಕಿದ ಗಂಡನಿಗೂ ಅದನ್ನೇ. ಇಲ್ಲಿ ಭಾಮೈದ ಒಂದು ತಾಂತ್ರಿಕ ಪ್ರಶ್ನೆ ಎತ್ತಿದ: ತಂಗಳು ಅರೆಪಾಕ್ಕೆ ಶಕ್ತಿ ಇರುತ್ತದೆಯೇ? ಬಿಸಿ ಮಾಡಿದರೆ ವಾಪಸ್ ಬರುತ್ತದೆಯೇ? ಹೆಂಡತಿ ಅಷ್ಟು ಹೊತ್ತೂ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ತಿರುಗಿದಳು. "ಊರಿನವರೆಲ್ಲ ಬಿದ್ದು ಏಳುವುದು, ಅವಳು ದಿನವಿಡೀ ಒಲೆಯ ಮುಂದೆ ನಿಲ್ಲುವುದು. ಅದನ್ನು ವರ ಎಂದು ಯಾರು ಕರೆದದ್ದು?" ಮತ್ತೆ ನಲ್ಲಿ ಬಿಟ್ಟಳು. ಸ್ವಲ್ಪ ಹೊತ್ತು ಯಾರೂ ಅರೆಪಾದ ವಿಚಾರ ಎತ್ತಲಿಲ್ಲ.

ಇನ್ನು ನಾನು.

ನಾನು ಬ್ರೂನೋ ಎಂಬುದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ. ಆಗುವುದು ನನಗೆ ಮೊದಲೇ ಕಾಣುತ್ತದೆ. ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ಆಗುತ್ತದೆ. ಆಮೇಲೆ ನನ್ನನ್ನೇ ಬಯ್ಯುತ್ತಾರೆ. ಬ್ರೂನೋನ ಬದುಕೂ ಇಷ್ಟೇ. ಒಬ್ಬಳಿಗೆ ನಿನ್ನ ಮೀನು ಸಾಯುತ್ತದೆ ಎಂದ, ಸತ್ತಿತು. ಒಬ್ಬನಿಗೆ ಹೊಟ್ಟೆ ಬರುತ್ತದೆ ಎಂದ, ಬಂತು. ಒಬ್ಬನಿಗೆ ಕೂದಲು ಹೋಗುತ್ತದೆ ಎಂದ, ಹೋಯಿತು. ನಡುವಯಸ್ಸಿನ ಗಂಡಸಿಗೆ ಹೊಟ್ಟೆ ಬಂದು ಕೂದಲು ಹೋಗುತ್ತದೆ ಎನ್ನಲು ವರ ಬೇಕೇ? ಆದರೂ ಊರಿಗೆ ಊರೇ ಅವನಿಂದಲೇ ಹೀಗಾಯಿತು ಎಂದು ಹಾಡುತ್ತದೆ. ಬ್ರೂನೋ ವಿಷಯ ನಾವು ಮಾತಾಡುವುದಿಲ್ಲ ಎಂಬ ಆ ಹಾಡು 2022ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಐದು ವಾರ ಕೂತಿತ್ತು. ಮಾತಾಡುವುದಿಲ್ಲ ಎಂದು ಹೇಳುತ್ತಲೇ ಅಷ್ಟು ಮಾತಾಡಿಸಿಕೊಂಡವನು ಬೇರೊಬ್ಬನಿಲ್ಲ.

ನನ್ನ ದಾವೆಯ ಮೊದಲ ದಾಖಲೆ ಸಂಡಿಗೆಯದು. ಏಪ್ರಿಲ್ ಮೊದಲ ವಾರ ಅಮ್ಮ ಮಹಡಿಯ ಮೇಲೆ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಳು. ಪಡುವಣದಲ್ಲಿ ಅಂಗೈಯಗಲ ಮೋಡ. "ಅಮ್ಮ, ಇವತ್ತು ಮಳೆ ಬರುತ್ತದೆ," ಎಂದೆ. ಅಮ್ಮ ಬೆಚ್ಚಿಬಿದ್ದಳು.

"ಬಿಡ್ತು ಅನ್ನು! ಅಶ್ವಿನೀ ದೇವತೆಗಳು ಓಡಾಡುವ ಹೊತ್ತು. ಅಸ್ತು ಎಂದುಬಿಟ್ಟರೆ?"

ಮೂರೂವರೆಗೆ ಮಳೆ ಬಂತು. ಸಂಡಿಗೆಗಳು ಪಂಚೆಯ ಮೇಲೆ ಗಂಜಿಯಾಗಿ ಹರಿದವು. ಅಮ್ಮ ಆಕಾಶವನ್ನು ಬಯ್ಯಲಿಲ್ಲ, ದೇವತೆಗಳನ್ನೂ ಬಯ್ಯಲಿಲ್ಲ. "ನಿನ್ನ ಬಾಯಲ್ಲಿ ಬಂದಮೇಲೆ ಮುಗಿಯಿತು," ಎಂದಳು. ಆ ಮಾತನ್ನು ಮೂರು ದಿನ ಫೋನಿನಲ್ಲಿ ಎಲ್ಲ ನೆಂಟರಿಗೂ ಹೇಳಿದಳು.

ಅಮ್ಮನ ಈ ಅಭ್ಯಾಸ ನನಗೆ ಹೊಸದಲ್ಲ. ನನ್ನ ಬಾಲ್ಯವೆಲ್ಲ ಅಶ್ವಿನೀ ದೇವತೆಗಳ ಕೆಳಗೇ ಕಳೆದಿದೆ. ಪರೀಕ್ಷೆಗೆ ಹೊರಟಾಗ "ಕಷ್ಟ ಇರಬಹುದು" ಎನ್ನುವಂತಿಲ್ಲ, ಅಸ್ತು. ಬಸ್ಸು ತಪ್ಪೀತು ಎನ್ನುವಂತಿಲ್ಲ, ಅಸ್ತು. ಮನೆಯಲ್ಲಿ ಅಕ್ಕಿ ಮುಗಿದರೂ "ಅಕ್ಕಿ ಇಲ್ಲ" ಎನ್ನಬಾರದು, "ಅಕ್ಕಿ ತುಂಬಿದೆ, ತರಬೇಕು" ಎನ್ನಬೇಕು. ಅಂಗಡಿಯವನು ತುಂಬಿದೆಯೋ ತರಬೇಕೋ ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಅಂಗಡಿಗೆ ಹೋಗುತ್ತೇನೆ ಎಂದೂ ಅನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು. ಆ ದೇವತೆಗಳು ದೇವಲೋಕದ ವೈದ್ಯರು ಎಂದು ಓದಿದ್ದೇನೆ. ವೈದ್ಯಕೀಯ ಬಿಟ್ಟು ನಮ್ಮ ಮಹಡಿಯ ಮೇಲೆ ಹಗಲಿಡೀ ಅಸ್ತು ಎನ್ನುತ್ತಾ ಸುತ್ತುವ ಕೆಲಸವನ್ನು ಅವರಿಗೆ ಯಾರು ಹಚ್ಚಿದರು ಎಂದು ಒಮ್ಮೆ ಕೇಳಿದೆ. "ಹಾಗೆಲ್ಲ ಕೇಳಬೇಡ, ಕೇಳಿಸಿಕೊಳ್ಳುತ್ತಾರೆ," ಎಂದಳು.

ಆದ್ದರಿಂದ ಬ್ರೂನೋನ ಪ್ರಶ್ನೆ ನಮ್ಮ ಮನೆಯಲ್ಲಿ ಕಾರ್ಟೂನಿನ ಪ್ರಶ್ನೆಯಾಗಿ ಉಳಿಯಲಿಲ್ಲ. ಅವನು ಹೇಳಿದ್ದರಿಂದ ಆಯಿತೋ, ಆಗಲಿದ್ದುದನ್ನು ಅವನು ಹೇಳಿದನೋ? ಅಮ್ಮ ಮೊದಲನೆಯ ಪಕ್ಷ. ಹೆಂಡತಿ ಎರಡನೆಯದು. ಅವಳು ಎತ್ತಿ ತೋರಿಸಿದ್ದು ಪೇಪಮ್ಮನ ಮದುವೆ. ಮದುವೆಯ ದಿನ ಆಕಾಶ ಸ್ವಚ್ಛವಾಗಿತ್ತು, ಬ್ರೂನೋ ಬಂದು ಮಳೆ ಬರುವ ಹಾಗಿದೆ ಎಂದ, ಬಿರುಗಾಳಿಯೇ ಎದ್ದಿತು. "ಹವಾಮಾನ ಯಾರ ಕೈಯಲ್ಲಿದೆ? ಪೇಪಾಳ ಕೈಯಲ್ಲಿ. ಅವಳು ಗಾಬರಿಯಾದಳು, ಮಳೆ ಬಂತು. ಇದರಲ್ಲಿ ಬ್ರೂನೋನ ಶಕ್ತಿ ಎಲ್ಲಿ ಬಂತು? ಒಡಹುಟ್ಟಿದವನಾಗಿ ತಮಾಷೆಗೆ ಒಂದು ಮಾತು ಆಡಿದ." ಕೊನೆಯಲ್ಲಿ ಬ್ರೂನೋ ಕೂಡ ಅದು ಭವಿಷ್ಯವಾಣಿ ಆಗಿರಲಿಲ್ಲ, ನಿನ್ನ ಕಳವಳ ನೋಡಿ ಆಡಿದ್ದು ಎಂದೇ ಪೇಪಾಳಿಗೆ ಹೇಳುತ್ತಾನೆ. ಸಾಧನೆ ಮುಗಿಯಿತು ಎಂಬಂತೆ ಹೆಂಡತಿ ಕೈ ಒರೆಸಿಕೊಂಡಳು. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಆ ದಿನ ಸಿಲಿಂಡರ್ ನಾನೇ ಬದಲಿಸಿದೆ.

ಆದರೆ ಅಮ್ಮ ಬೇರೆಯದೇ ನೋಡಿದ್ದಳು. "ಅವನು ಉಪ್ಪು ಎಸೆಯುತ್ತಿದ್ದ," ಎಂದಳು. ನಿಜ. ಬ್ರೂನೋ ಗಾಬರಿಯಾದಾಗಲೆಲ್ಲ ಮರ ತಟ್ಟಿ, ಹೆಗಲ ಹಿಂದೆ ಉಪ್ಪು ಎಸೆಯುತ್ತಾನೆ. "ದೃಷ್ಟಿ ತೆಗೆದುಕೊಳ್ಳುತ್ತಾನೆ. ತನ್ನ ನಾಲಿಗೆಯ ಮೇಲೆ ಅವನಿಗೇ ಹೆದರಿಕೆ ಇದೆ. ಮೆಣಸಿನಕಾಯಿಯನ್ನೂ ಸೇರಿಸಿಕೊಳ್ಳಬೇಕಿತ್ತು, ಅವನಿಗೆ ಹೇಳಿಕೊಡುವವರು ಯಾರೂ ಇಲ್ಲ."

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಮ್ಮ ನೀರಿನ ಚೊಂಬು ಹಿಡಿದು ನನ್ನ ಬಳಿ ಬಂದು ನಿಂತಳು. "ಗೋಡೆಯ ಹಿಂದೆ ಆ ತಟ್ಟೆ ಇತ್ತಲ್ಲ, ನಿಜವಾದದ್ದಲ್ಲ ಅಲ್ಲವೇ?" ಎಂದು ಕೇಳಿದಳು. ಬ್ರೂನೋ ಎಲ್ಲಿಗೂ ಹೋಗಿರುವುದಿಲ್ಲ. ಅದೇ ಮನೆಯ ಗೋಡೆಯ ಸಂದಿನಲ್ಲಿ ಇಲಿಗಳ ಜೊತೆ ಇರುತ್ತಾನೆ. ಮನೆಯವರು ಉಣ್ಣುವ ಮೇಜು ಬಿರುಕಿನಿಂದ ಕಾಣುತ್ತದೆ. ಈ ಕಡೆ ತಾನೂ ಒಂದು ಹಲಗೆ ಇಟ್ಟುಕೊಂಡು, ಅದರ ಮೇಲೆ ತನಗೊಂದು ತಟ್ಟೆಯ ಚಿತ್ರ ಬರೆದುಕೊಂಡಿದ್ದಾನೆ. ಅಲ್ಲ ಅಮ್ಮ, ಬರೆದದ್ದು, ಎಂದೆ.

ಅಮ್ಮನ ತಮ್ಮನೊಬ್ಬನಿದ್ದ. ತೀರ್ಥಹಳ್ಳಿ ಕಡೆಯ ತವರುಮನೆಯಲ್ಲಿ ಅವನ ಹೆಸರು ಎತ್ತುವುದಿಲ್ಲ. ದೊಡ್ಡಕ್ಕನ ಮದುವೆಯ ಮಾತುಕತೆಯ ದಿನ, ಹದಿನೆಂಟರ ಹುಡುಗ, ಈ ಸಂಬಂಧ ಬೇಡ, ಇದು ನಿಲ್ಲುವುದಿಲ್ಲ ಎಂದಿದ್ದನಂತೆ. ನಿಲ್ಲಲಿಲ್ಲ. ಅಕ್ಕ ವಾಪಸ್ ಬಂದ ವರ್ಷ ಅವನು ಮುಂಬಯಿಯ ಬಸ್ಸು ಹತ್ತಿದ. ಹೋಟೆಲ್ಲಿನಲ್ಲಿದ್ದಾನೆ ಎಂದು ಯಾರೋ ಒಮ್ಮೆ ಹೇಳಿದ್ದು ಬಿಟ್ಟರೆ ಬೇರೆ ಸುದ್ದಿಯಿಲ್ಲ. ಅಮ್ಮ ಅದನ್ನೇನೂ ಹೇಳಲಿಲ್ಲ. "ಅವನಿಗೆ ಹಲಸಿನ ಹಪ್ಪಳ ಎಂದರೆ ಆಗಿತ್ತು," ಎಂದು ಹೇಳಿ, ಚೊಂಬಿನ ನೀರು ಕುಡಿಯದೆ ಹೋಗಿ ಮಲಗಿದಳು.

ಮಾರನೆಯ ದಿನ ಪಟ್ಟಿಯಲ್ಲಿ ನನ್ನ ಹೆಸರಿನ ಎದುರು 'ಬ್ರೂನೋ' ಬರಬಹುದು ಎಂದು ಆಸೆಯಿಂದ ನೋಡಿದೆ. ಪ್ರಶ್ನಾರ್ಥಕ ಚಿಹ್ನೆಯೇ ಇತ್ತು. ಮಗಳ ಪ್ರಕಾರ ನನ್ನ ವಿರುದ್ಧ ಬಲವಾದ ಸಾಕ್ಷ್ಯಗಳಿದ್ದವು. ಅಟ್ಟದ ತೊಲೆಗೆ ವಾರಕ್ಕೊಮ್ಮೆ ತಲೆ ಹೊಡೆಸಿಕೊಳ್ಳುವುದು. ಸ್ಕೂಟರಿನ ಸೈಲೆನ್ಸರಿಗೆ ಒಂದೇ ಬೇಸಿಗೆಯಲ್ಲಿ ಎರಡು ಸಲ ಕಾಲು ಸುಟ್ಟುಕೊಂಡದ್ದು. ಹಲಸಿನ ಮೇಣ ಬಿಡಿಸಲು ಹೋಗಿ ಮೀಸೆಯ ಒಂದು ಪಕ್ಕ ಕಳೆದುಕೊಂಡದ್ದು. "ಅಪ್ಪ, ಇದೆಲ್ಲ ನಿನಗೆ ಮೊದಲೇ ಕಾಣಲಿಲ್ಲವೇ?" ಎಂದು ಕೇಳಿದಳು. ಇದು ಅಡ್ಡ ಸವಾಲಿನಲ್ಲಿ ವಕೀಲರು ಕೇಳುವ ಜಾತಿಯ ಪ್ರಶ್ನೆ. ನಾನು ಸಮಯ ಕೇಳಿದೆ.

ಸಮಯ ಕೇಳಿದ್ದು ಒಂದು ಕಾರಣಕ್ಕೆ. ನನ್ನ ಬತ್ತಳಿಕೆಯಲ್ಲಿ ಇನ್ನೊಂದು ಭವಿಷ್ಯವಾಣಿ ಇತ್ತು. ಮಹಡಿಗೆ ಹೋಗುವ ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ನೀರಿನ ಮೋಟಾರಿನ ಸ್ವಿಚ್ ಪೆಟ್ಟಿಗೆ ಇದೆ. ಅದರೊಳಗೆ ಕಡಜಗಳು ಗೂಡು ಕಟ್ಟುತ್ತಿರುವುದನ್ನು ನಾನು ಯುಗಾದಿಯ ದಿನವೇ ನೋಡಿದ್ದೆ. ಆಗ ಅದು ನಾಲ್ಕಾಣೆಯಷ್ಟಿತ್ತು. "ಇದು ಒಂದು ದಿನ ಯಾರಿಗಾದರೂ ಕುಟುಕುತ್ತದೆ," ಎಂದು ಎಲ್ಲರ ಎದುರು ಹೇಳಿದ್ದೆ. ಅಮ್ಮ ಬಿಡ್ತು ಅನ್ನು ಎಂದಳು. ಹೆಂಡತಿ, ಹೇಳುವ ಬದಲು ತೆಗೆಸಿ ಎಂದಳು. ಭವಿಷ್ಯ ಹೇಳುವವನು ಗೂಡು ತೆಗೆಯುವುದು ಎಲ್ಲಿಯಾದರೂ ಉಂಟೇ? ಗೂಡು ಎಂಟಾಣೆಯಾಯಿತು, ರೂಪಾಯಿಯಾಯಿತು, ಒಬ್ಬಟ್ಟಿನಷ್ಟಾಯಿತು. ನಾನು ದಿನವೂ ನೋಡುತ್ತಿದ್ದೆ. ಯಾರಿಗೆ ಕುಟುಕಿದರೂ ಆ ಕ್ಷಣ ನಾನು ಬ್ರೂನೋ.

ಇವತ್ತು ಬೆಳಗ್ಗೆ ನಲ್ಲಿ ನೀರು ಬರುವ ದಿನ. ಸಂಪು ತುಂಬಿತು. ಮೋಟಾರ್ ಹಾಕಲು ಹೋದವನು ನಾನೇ. ಪೆಟ್ಟಿಗೆಯ ಮುಚ್ಚಳ ಮೆಲ್ಲನೆ ತೆಗೆದು, ಗೂಡಿಗೆ ತಾಗದಂತೆ ಒಂದೇ ಬೆರಳು ತೂರಿಸಿ ಸ್ವಿಚ್ ಒತ್ತಿದೆ. ಒತ್ತಿತು. ಮೋಟಾರ್ ಗುಂಯ್ ಎಂದಿತು. ಪೆಟ್ಟಿಗೆಯೂ ಗುಂಯ್ ಎಂದಿತು.

ಸ್ಪಷ್ಟವಾಗಿ ನೆನಪಿರುವುದು ಒಂದೇ. ನೋವಿನ ಮೊದಲೇ, ಅರ್ಧ ಕ್ಷಣ, ಒಂದು ಸಂತೋಷ ಹಾದು ಹೋಯಿತು: ನಾನು ಹೇಳಿದ್ದು ನಿಜವಾಯಿತು. ಆಮೇಲೆ ತುಟಿಗೆ ಕಾದ ಸೂಜಿ ಹೊಕ್ಕಿತು.

ಒಳಗೆ ಬಂದು, "ನಾನು ಹೇಳಿರಲಿಲ್ಲವೇ? ಕುಟುಕುತ್ತದೆ ಎಂದು ಹೇಳಿರಲಿಲ್ಲವೇ?" ಎಂದು ಕೂಗಿದೆ. ತುಟಿ ಸಹಕರಿಸದೆ ಅದು ಬೇರೇನೋ ಭಾಷೆಯಾಗಿ ಹೊರಬಿತ್ತು. ಮಗ ಚಪ್ಪಾಳೆ ತಟ್ಟಿ, "ಅಪ್ಪನ ಮುಖ ಥೇಟ್ ಅಗಸ್ತ್ಯ!" ಎಂದು ಕುಣಿದ. ಮಗಳು ರಬ್ಬರ್ ಹಿಡಿದು ಓಡಿದಳು. ಭವಿಷ್ಯ ನುಡಿದವನೂ ನಾನೇ, ಕುಟುಕಿಸಿಕೊಂಡವನೂ ನಾನೇ. ಇದು ಕನಿಷ್ಠ ಸಮಬಲವಾಗಬೇಕಿತ್ತು. ಹೆಂಡತಿಯ ಕಡೆ ನೋಡಿದೆ. ಅವಳು ತರ್ಕದ ಹೆಣ್ಣು, ನ್ಯಾಯ ಕೊಡುತ್ತಾಳೆ. "ಕುಟುಕುತ್ತದೆ ಎಂದು ಗೊತ್ತಿದ್ದೂ ಬೆರಳು ಹಾಕಿದವನು ಯಾರಾಗಬಲ್ಲ?" ಎಂದಳು.

ಈ ಗದ್ದಲದಲ್ಲಿ ಮೋಟಾರ್ ಓಡುತ್ತಲೇ ಇತ್ತು. ಟ್ಯಾಂಕ್ ತುಂಬಿ ಪಕ್ಕದ ಮನೆಯ ಒಣಬಟ್ಟೆಗಳ ಮೇಲೆ ನೀರು ಸುರಿಯುತ್ತಿತ್ತು. ಪೆಟ್ಟಿಗೆಯ ಹತ್ತಿರ ಹೋಗುವವರಿಲ್ಲ. ಕೊನೆಗೆ ಹೆಂಡತಿ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿದಳು. 14.2 ಕಿಲೋದವಳಿಗೆ ಇದೊಂದು ಲೆಕ್ಕವೇ?

ಆಮೇಲೆ ಚಿಕಿತ್ಸೆ. ಸುಣ್ಣ ಅಮ್ಮನದು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮಗಳು ಮೆಕ್ಕೆಜೋಳದ ಹಿಟ್ಟು ತರಿಸಿಟ್ಟು ಇಂಥ ಸಂದರ್ಭಕ್ಕೇ ಕಾಯುತ್ತಿದ್ದಳು. ಕೊಲಂಬಿಯಾದವರು ಬಳಸುವುದು ಮೊದಲೇ ಬೇಯಿಸಿ ಒಣಗಿಸಿ ಪುಡಿ ಮಾಡಿದ ಹಿಟ್ಟು. ನೀರು ಹಾಕಿದರೆ ಕೂಡಿಕೊಳ್ಳುತ್ತದೆ. ನಮ್ಮದು ಗಿರಣಿಯ ಹಸಿ ಹಿಟ್ಟು. ತಟ್ಟಿದರೆ ಒಡೆಯುತ್ತದೆ, ಎತ್ತಿದರೆ ಉದುರುತ್ತದೆ. ಕಾವಲಿಯ ಮೇಲೆ ಅರ್ಧ ಗಂಟೆ ಇಟ್ಟು ತಂದ ವಸ್ತು ಅಂಚಿನಲ್ಲಿ ಕರಿಯ, ನಡುವಿನಲ್ಲಿ ಹಸಿ, ತೂಕದಲ್ಲಿ ಅರೆಯುವ ಕಲ್ಲು. ಊದಿದ ತುಟಿಯ ಪಕ್ಕದಿಂದ ಚೂರು ಚೂರಾಗಿ ತೂರಿಸಿದರು. ಇಬ್ಬರೂ ಮಕ್ಕಳು ನನ್ನ ತುಟಿಯನ್ನೇ ನೋಡುತ್ತಾ ಕೂತರು. ತುಟಿ ಇಳಿಯಲಿಲ್ಲ. ಮಗನ ಮುಖ ಇಳಿಯಿತು.

"ಇನ್ನೊಂದು ಚೂರು ತಿನ್ನು ಅಪ್ಪ," ಎಂದ. ತಿಂದೆ.

ಅಮ್ಮ ನನ್ನ ಹೊಟ್ಟೆಯ ಮೇಲೆ ಕೈಯಾಡಿಸಿ, "ವಾತಾಪಿ ಜೀರ್ಣೋ ಭವ," ಎಂದಳು. "ನೋಡು, ನಿನಗೂ ಶಕ್ತಿ ಇದೆ. ಅಗಸ್ತ್ಯರು ರಾಕ್ಷಸನನ್ನೇ ಅರಗಿಸಿಕೊಂಡವರು." ಮಗಳು ಅದನ್ನೂ ಪಟ್ಟಿಯಲ್ಲಿ ಬರೆದಳು. ಅಪ್ಪ: ಅಗಸ್ತ್ಯ. ಶಕ್ತಿ: ಜೀರ್ಣ.

ಒಂಬತ್ತಕ್ಕೆ ಅಮ್ಮ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಅದೇ ಮೆಟ್ಟಿಲಿನಲ್ಲಿ, ಅದೇ ಪೆಟ್ಟಿಗೆಯ ಪಕ್ಕದಲ್ಲಿ, ನಿಧಾನವಾಗಿ ಮೇಲೆ ಹತ್ತಿದಳು. ಮುಚ್ಚಳ ಇನ್ನೂ ತೆರೆದೇ ಇತ್ತು. ಎಪ್ಪತ್ತನಾಲ್ಕು ವರ್ಷದ ಹೆಂಗಸು, ಕೈಯಲ್ಲಿ ಬಿಸಿ ಹಿಟ್ಟು. ಒಂದು ಕಡಜವೂ ರೆಕ್ಕೆ ಬಿಚ್ಚಲಿಲ್ಲ. ಕೆಳಗಿನಿಂದ ನೋಡುತ್ತಿದ್ದ ಮಗ ಅಜ್ಜಿಗೆ ತನ್ನ ಶಕ್ತಿ ಹೋಗಿದೆ ಎಂದು ಮತ್ತೆ ಅತ್ತ.

ಈಗ ಮಧ್ಯಾಹ್ನ ಮೂರು ಗಂಟೆ. ಎಲ್ಲರೂ ಫ್ಯಾನಿನ ಕೆಳಗೆ ಉರುಳಿದ್ದಾರೆ. ನಾನು ಕಿಟಕಿಯ ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಪಡುವಣದಲ್ಲಿ ಒಂದು ಮೋಡ ಎದ್ದಿದೆ. ಮೊದಲು ಅಂಗೈಯಷ್ಟಿತ್ತು, ಈ ಸಾಲು ಬರೆಯುವಾಗ ಕಂಬಳಿಯಷ್ಟಾಗಿದೆ. ಮಹಡಿಯ ಮೇಲೆ ಪಂಚೆ ತುಂಬ ಸಂಡಿಗೆ ಇದೆ. ನಾನೇ ಹೋಗಿ ತರೋಣವೆಂದರೆ ದಾರಿಯಲ್ಲಿ ಪೆಟ್ಟಿಗೆ ಇದೆ, ಅದರ ಮುಚ್ಚಳ ಹಾಕುವ ಧೈರ್ಯ ಯಾರೂ ಮಾಡಿಲ್ಲ. ಎಬ್ಬಿಸಿ ಹೇಳೋಣವೆಂದರೆ ಅಶ್ವಿನೀ ದೇವತೆಗಳು. ಬಾಯಿ ತೆರೆಯಬಾರದೆಂದು ನಿಶ್ಚಯಿಸಿದೆ. ಹೇಗೂ ತೆರೆಯಲು ಬರುತ್ತಲೂ ಇರಲಿಲ್ಲ.

ಮೊದಲ ಹನಿಗಳು ಪಪ್ಪಾಯಿಯ ಎಲೆಯ ಮೇಲೆ ಟಪ್ ಟಪ್ ಎಂದವು. ಅಮ್ಮ ಧಡಕ್ಕನೆ ಎದ್ದು ಹೊರಗೆ ನೋಡಿದಳು. ಆಮೇಲೆ ಕಿಟಕಿಯ ಪಕ್ಕದಲ್ಲಿ ಕೂತಿದ್ದ ನನ್ನನ್ನು ನೋಡಿದಳು.

"ಅಲ್ಲವೋ ಮಾರಾಯ, ಇಲ್ಲೇ ಕೂತಿದ್ದೀಯ. ಮೋಡ ಕಂಡವನು ಒಂದು ಮಾತು ಹೇಳಬಾರದೇ?"

ನಡುಮನೆಯಲ್ಲಿ ಮಗಳು ಎದ್ದು ಪೆನ್ಸಿಲ್ ಹುಡುಕುವ ಸದ್ದಾಯಿತು.